ಇಗರ್ಜಿ ಬಿಟ್ಟವರು ನೆಂಟರನ್ನೂ ಬಿಡಬೇಕೆ?

ಕ್ರೈಸ್ತ ಧರ್ಮ ಬಿಟ್ಟವನು ಆ ಧರ್ಮದ ನೆಂಟರಿಷ್ಟರೊಡನೆ ಬಳಕೆ ಇಟ್ಟುಕೊಳ್ಳಬಾರದು ಎನ್ನುವವರು ಎರಡೂ ಕಡೆ ಇದ್ದಾರೆ. ಹಾಗೆ ಬಳಕೆ ಇಟ್ಟುಕೊಳ್ಳುವುದನ್ನು ವಿಚಾರವಾದಿ ಗೆಳೆಯರು ಆಷಾಢಭೂತಿತನ ಎನ್ನುತ್ತಾರೆ. ಭಕ್ತರಲ್ಲಿ ಕೆಲವರಿಗೆ ಇದು ಅಪಾಯವಾಗಿ ಕಾಣುತ್ತದೆ. ಬೇರೆ ವಿಷಯಗಳಲ್ಲಿ ಪರಸ್ಪರ ಒಪ್ಪದ ಇವರು ಇದೊಂದರಲ್ಲಿ ಒಂದಾಗಿದ್ದಾರೆ. ನಾನು ಮಂಗಳೂರು ಕಡೆಯ ಕೊಂಕಣಿ ಕ್ಯಾಥೋಲಿಕ್ ಮನೆಯಲ್ಲಿ ಹುಟ್ಟಿ ಬೆಳೆದು ನಂಬಿಕೆ ಬಿಟ್ಟವನು, ನೆಂಟರನ್ನು ಬಿಟ್ಟಿಲ್ಲ. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

ಮೊದಲು ವಿಚಾರವಾದಿಗಳ ಆಕ್ಷೇಪ. "ದೇವರಿಲ್ಲ ಎನ್ನುತ್ತೀ, ಮತ್ತೆ ಮೊಂತಿ ಹಬ್ಬದ ಊಟಕ್ಕೆ ಹೋಗುತ್ತೀ. ಇದು ಇಬ್ಬಂದಿತನವಲ್ಲವೇ?" ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಲ್ಲಿ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿಗೆ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ತರಕಾರಿ ಊಟ. ಹೊಸ ಅಕ್ಕಿಯ ಊಟ ನೆರೆಯ ತುಳುವರ ಮನೆಗಳಲ್ಲೂ ಇದೆ. ಆ ದಿನ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ನಾನು ಯಾವ ಸುಳ್ಳನ್ನೂ ಆಡುತ್ತಿಲ್ಲ. ನಾನು ನಂಬುವುದಿಲ್ಲವೆಂದು ಆ ಪಂಕ್ತಿಯಲ್ಲಿರುವ ಎಲ್ಲರಿಗೂ ಗೊತ್ತು.

ಕಪಟ ಇರುವುದು ನಂಬದೆ ನಂಬಿದಂತೆ ನಟಿಸುವುದರಲ್ಲಿ. ಆದ್ದರಿಂದ ನಾನು ಗೆರೆಯನ್ನು ಅಲ್ಲಿ ಎಳೆದುಕೊಂಡಿದ್ದೇನೆ. ಮದುವೆಯ ಬಲಿಪೂಜೆಗೆ ಹೋಗುತ್ತೇನೆ, ಬೆಂಚಿನಲ್ಲಿ ಕೂರುತ್ತೇನೆ, ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲುವುದಿಲ್ಲ. ಮದುವೆಯ ಹಿಂದಿನ ದಿನದ ರೋಸ್‌ನಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುತ್ತೇನೆ, ಅದು ಹಾರೈಕೆ. ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾದಾಗ ಸುಮ್ಮನೆ ಕುಳಿತಿರುತ್ತೇನೆ, ಮಣಿ ಎಣಿಸುವುದಿಲ್ಲ. ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನತಂದೆಯಾಗು ಎಂದು ಕೇಳಿದರೆ ಒಪ್ಪುವುದಿಲ್ಲ. ಇಗರ್ಜಿಯ ಕಾನೂನೇ ಆ ಹೊಣೆಯನ್ನು ನಂಬಿಕೆಯಂತೆ ಬಾಳುವ ಕ್ಯಾಥೋಲಿಕರಿಗೆ ಮೀಸಲಿಟ್ಟಿದೆ. ಮನಸಾರೆ ಮಾಡಲಾಗದ ಪ್ರತಿಜ್ಞೆಯನ್ನು ಮಾಡಿದಂತೆ ನಟಿಸುವುದು ಆ ಮಗುವಿಗೂ ಅದರ ಅಪ್ಪ ಅಮ್ಮನಿಗೂ ಮಾಡುವ ವಂಚನೆ. ಇಲ್ಲ ಎಂದದ್ದಕ್ಕೆ ಬೇಸರವಾದೀತು. ಆದರೂ ಸತ್ಯ ಹೇಳಿ ಬೇಸರಪಡಿಸಿದವನನ್ನು ಮನೆಯವರು ಮತ್ತೆ ನಂಬುತ್ತಾರೆ.

"ಅವರು ನಿನ್ನನ್ನು ಕರೆಯುವುದೇ ಮತ್ತೆ ಸೆಳೆದುಕೊಳ್ಳಲು" ಎಂಬುದು ಎರಡನೆಯ ಮಾತು. ಕೆಲವರ ಮಟ್ಟಿಗೆ ನಿಜ. ಸೋದರತ್ತೆ ನನಗಾಗಿ ಪ್ರಾರ್ಥಿಸುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಅವರ ನಂಬಿಕೆಯ ಪ್ರಕಾರ ನನ್ನ ಆತ್ಮ ಅಪಾಯದಲ್ಲಿದೆ. ಹಾಗೆ ನಂಬಿದವರು ಸುಮ್ಮನಿದ್ದರೆ ಅದೇ ನಿರ್ದಯತೆ. ಆ ಕಾಳಜಿಯನ್ನು ನಾನು ಸ್ವೀಕರಿಸುತ್ತೇನೆ, ವಾದವನ್ನು ಸ್ವೀಕರಿಸುವುದಿಲ್ಲ. ಪ್ರತಿ ಭೇಟಿಯಲ್ಲೂ ಉಪದೇಶವಾದರೆ ಮಾತ್ರ, "ಅತ್ತೆ, ಈ ವಿಷಯ ಇವತ್ತಿಗೆ ಸಾಕು, ನಿಮ್ಮ ಮೊಣಕಾಲು ನೋವು ಹೇಗಿದೆ?" ಎಂದು ಕೇಳಿಬಿಡುತ್ತೇನೆ. ಅವರು ಒಪ್ಪಿಕೊಂಡಿದ್ದಾರೆ.

ನಂಬಿಕೆ ಬಿಟ್ಟವರ ಸಾಲಿನಲ್ಲಿ ಚಾರ್ಲ್ಸ್ ಡಾರ್ವಿನ್‌ನ ಹೆಸರು ಹೇಳುವ ಗೆಳೆಯರು ಅವನ ಬದುಕನ್ನೂ ಓದಬೇಕು. 1851ರಲ್ಲಿ ಮಗಳು ಆ್ಯನಿ ತೀರಿಕೊಳ್ಳುವ ಹೊತ್ತಿಗೆ ಅವನ ಕ್ರೈಸ್ತ ನಂಬಿಕೆ ಬಹುಪಾಲು ಕರಗಿಹೋಗಿತ್ತು. 1879ರಲ್ಲಿ ಒಂದು ಪತ್ರದಲ್ಲಿ ತನ್ನ ಮನಸ್ಥಿತಿಗೆ ಅಜ್ಞೇಯವಾದಿ ಎಂಬ ಹೆಸರೇ ಸರಿ ಎಂದು ಬರೆದ. ಹೆಂಡತಿ ಎಮ್ಮಾ ಭಕ್ತೆ. ಡೌನ್ ಹಳ್ಳಿಯ ಪಾದ್ರಿ ಜಾನ್ ಬ್ರೋಡಿ ಇನ್ನೆಸ್ ಅವನ ಬಹುಕಾಲದ ಗೆಳೆಯ. ಹಳ್ಳಿಯ ಬಡವರ ಸಹಾಯ ಸಂಘದ ಲೆಕ್ಕವನ್ನು ಡಾರ್ವಿನ್ ವರ್ಷಗಟ್ಟಲೆ ನೋಡಿಕೊಂಡ. ಭಾನುವಾರ ಮನೆಯವರು ಚರ್ಚಿಗೆ ಹೋದರೆ ಅವನು ಹೊರಗೆ ನಡೆದಾಡಲು ಹೋಗುತ್ತಿದ್ದ. ಅವನ ವಿಚಾರ ಇದರಿಂದ ಎಳ್ಳಷ್ಟೂ ಮೊಂಡಾಗಲಿಲ್ಲ.

ಇನ್ನು ಭಕ್ತರ ಕಡೆಗೆ ಬರುತ್ತೇನೆ. ಬೇರೆ ಬೋಧನೆ ತರುವವನನ್ನು ಮನೆಗೆ ಸೇರಿಸಬಾರದೆಂದು ಯೋಹಾನನ ಎರಡನೆಯ ಪತ್ರದಲ್ಲಿದೆ, ಕೆಲವರ ಜೊತೆ ಊಟವನ್ನೂ ಮಾಡಬೇಡಿ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿದೆ ಎಂದು ತೋರಿಸುತ್ತಾರೆ. ಇದ್ದದ್ದು ಹೌದು. ಯೋಹಾನನ ಮಾತು ಊರೂರು ತಿರುಗಿ ಬೋಧಿಸುತ್ತಿದ್ದವರ ಕುರಿತದ್ದು. ಅಂಥವರಿಗೆ ಆಶ್ರಯ ಕೊಟ್ಟರೆ ಬೋಧನೆಗೇ ನೆರವಾದಂತೆ ಎಂಬುದು ಅವನ ಆತಂಕ. ಹಬ್ಬಕ್ಕೆ ಬಂದು ಉಂಡು ಹೋಗುವ ಅಣ್ಣನ ಮಗ ಬೋಧಕನಲ್ಲ. ಪೌಲನ ಮಾತು ಸಹೋದರ ಎನ್ನಿಸಿಕೊಳ್ಳುತ್ತಲೇ ಅನಾಚಾರ ನಡೆಸುವವನ ಕುರಿತು. ಸಭೆಯ ಹೊರಗಿನವರ ತೀರ್ಪು ತನ್ನ ಕೆಲಸವಲ್ಲ ಎಂದು ಅದೇ ಅಧ್ಯಾಯದಲ್ಲಿ ಸ್ಪಷ್ಟಪಡಿಸುತ್ತಾನೆ. ಅಷ್ಟೇ ಅಲ್ಲ, 10ನೇ ಅಧ್ಯಾಯದಲ್ಲಿ ನಂಬದವರು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಲು ಅನುಮತಿಯನ್ನೂ ಕೊಡುತ್ತಾನೆ. ನಾನು ಸಹೋದರ ಎನ್ನಿಸಿಕೊಳ್ಳುವುದನ್ನು ಬಿಟ್ಟು ಹೊರಗೆ ನಿಂತವನು. ಪೌಲನನ್ನೇ ಪ್ರಮಾಣವೆಂದು ಹಿಡಿದರೂ ನನ್ನ ಮನೆಗೆ ಊಟಕ್ಕೆ ಬರಲು ನಿಮಗೆ ತಡೆಯಿಲ್ಲ.

"ಹಿರಿಯರು ಇಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ಬಿಟ್ಟೆಯಲ್ಲ" ಎಂಬ ಮಾತು ಮಾತ್ರ ನನ್ನನ್ನು ನಿಜಕ್ಕೂ ತಟ್ಟುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಹೀಗೆ ಉಳಿದುಬಂದ ಸಮುದಾಯಕ್ಕೆ ಒಬ್ಬ ಹೊರನಡೆದರೂ ಪಾಳೆಯ ತೊರೆದಂತೆ ಕಾಣುವುದು ಸಹಜ. ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ನೆನಪು, ಕೊಂಕಣಿ ಮಾತು, ಕ್ರಿಸ್ಮಸ್ಸಿನ ಕುಸ್ವಾರ್ ಎಲ್ಲವೂ ನನ್ನವೂ ಹೌದು. ನನ್ನನ್ನು ದೂರವಿಟ್ಟರೆ ಸಮುದಾಯದಲ್ಲಿ ಇನ್ನೊಬ್ಬ ಕಡಿಮೆಯಾಗುತ್ತಾನೆ, ಅಷ್ಟೇ. ಬಲವಂತವಾಗಿ ಧರ್ಮ ಬದಲಿಸುವುದರ ಕ್ರೌರ್ಯವನ್ನು ಅಷ್ಟು ಹತ್ತಿರದಿಂದ ಕಂಡವರ ಮಕ್ಕಳು ಬಲವಂತವಾಗಿ ಧರ್ಮದಲ್ಲಿ ಉಳಿಸುವುದನ್ನೂ ಒಪ್ಪಬಾರದು.

"ಬಹಿಷ್ಕಾರದ ಭಯವಿಲ್ಲದಿದ್ದರೆ ಎಲ್ಲರೂ ಬಿಟ್ಟಾರು" ಎನ್ನುವವರಿಗೆ ನೆರೆಯ ಕೇರಳದ ನೆನಪು ಕೊಡುತ್ತೇನೆ. ಮಲಯಾಳದ ದೊಡ್ಡ ವಿಮರ್ಶಕ ಎಂ. ಪಿ. ಪೌಲ್ ಸಭೆಯ ಹಿರಿಯರನ್ನು ಎದುರು ಹಾಕಿಕೊಂಡವರು. 1952ರಲ್ಲಿ ತೀರಿಕೊಂಡಾಗ ಅವರನ್ನು ಹೂಳಿದ್ದು ಪಾಪಿಗಳಿಗೆಂದು ಬೇರೆ ಇಟ್ಟಿದ್ದ ತೆಮ್ಮಾಡಿಕ್ಕುಳಿಯಲ್ಲಿ. ಪೌಲರ ಹೆಸರು ಅದರಿಂದ ಮಾಸಲಿಲ್ಲ. ಭಯದಿಂದ ಉಳಿಯುವುದು ಹಾಜರಿ ಮಾತ್ರ, ಭಕ್ತಿಯಲ್ಲ.

ಮಕ್ಕಳು ಕೆಡುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಕೇಳದ ಹೊರತು ಯಾರ ಮಗುವಿನ ಮುಂದೆಯೂ ನಾನು ದೇವರ ವಿಷಯ ಎತ್ತುವುದಿಲ್ಲ. ಕೇಳಿದರೆ, ನಿನ್ನ ಅಪ್ಪ ಅಮ್ಮನನ್ನು ಮೊದಲು ಕೇಳು ಎನ್ನುತ್ತೇನೆ.

ಎಲ್ಲರೂ ನನ್ನಂತೆಯೇ ಇರಬೇಕೆಂದು ನಾನು ಹೇಳುತ್ತಿಲ್ಲ. ಧರ್ಮದ ಹೆಸರಿನಲ್ಲಿ ಹೊಡೆತ ತಿಂದವರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಬಾಯಿ ಮುಚ್ಚಿಸಿಕೊಂಡವರು ಆ ಬಾಗಿಲಿಗೆ ಮತ್ತೆ ಹೋಗಬೇಕಿಲ್ಲ. ಅವರಿಗೆ ದೂರವೇ ಕ್ಷೇಮ. ಕ್ಷಮಿಸಿ ಬಾ ಎಂದು ಅವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ, ನನಗೂ ಇಲ್ಲ.

ಮಗ ಅಥವಾ ಮಗಳು ಇಗರ್ಜಿ ಬಿಟ್ಟರೆಂದು ಮಾತು ಬಿಟ್ಟಿರುವ ಅಪ್ಪ ಅಮ್ಮಂದಿರಲ್ಲಿ ಒಂದು ಬೇಡಿಕೆ. ನಾಳೆ ಅವರು 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗಬಹುದು. ಅಲ್ಲಿ ಬಲಿಪೂಜೆ ಇರುವುದಿಲ್ಲ, ಅದು ನಿಮಗೆ ನೋವಿನ ಸಂಗತಿ. ಆದರೆ ಆ ಮದುವೆಗೆ ಮೂವರು ಸಾಕ್ಷಿಗಳು ಬೇಕು. ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ನಂಬಿಕೆ ಹೋಗುವುದಿಲ್ಲ. ದಯವಿಟ್ಟು ಹೋಗಿ, ಸಾಕ್ಷಿಯಾಗಿ ನಿಮ್ಮ ಸಹಿ ಹಾಕಿ.