ಮೂರ್ಛೆಯ ಔಷಧ ಮತ್ತು ಮನಸ್ಸಿನ ಖಿನ್ನತೆ

ಮೂರ್ಛೆರೋಗಕ್ಕೆಂದು ಬಳಕೆಗೆ ಬಂದ ಔಷಧವೊಂದು ಇಲಿಗಳಲ್ಲಿ ಖಿನ್ನತೆಯ ಲಕ್ಷಣಗಳನ್ನೂ ಶಮನಗೊಳಿಸಿತೆಂಬ ಸಂಶೋಧನೆ ವೈದ್ಯಲೋಕದ ಗಮನ ಸೆಳೆದಿದೆ. ಇಂತಹ ಸುದ್ದಿ ಬಾಯಿಂದ ಬಾಯಿಗೆ ಹರಡುವಾಗ ‘ಫಿಟ್ಸ್ ಮಾತ್ರೆಯಿಂದ ಮನೋವ್ಯಾಧಿ ವಾಸಿಯಾಗುತ್ತದೆ’ ಎಂಬ ರೂಪ ತಾಳುವುದುಂಟು. ಆದುದರಿಂದ ಆ ಪ್ರಯೋಗ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ ಎಂಬುದನ್ನು ವಿವೇಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆಯ ವಿಜ್ಞಾನಿಗಳು 2016ರಲ್ಲಿ ಈ ಅಧ್ಯಯನವನ್ನು ಪ್ರಕಟಿಸಿದರು. ಸಾಧು ಸ್ವಭಾವದ ಇಲಿಯನ್ನು ಬಲಿಷ್ಠವಾದ, ಜಗಳಗಂಟ ಇಲಿಯ ಗೂಡಿನೊಳಗೆ ದಿನವೂ ಕೆಲವು ನಿಮಿಷ ಬಿಡುತ್ತಾರೆ. ಹತ್ತು ದಿನ ಹೀಗೆ ಸೋಲುಂಡ ಇಲಿಗಳಲ್ಲಿ ಕೆಲವು ಇತರ ಇಲಿಗಳ ಸಹವಾಸವನ್ನೇ ತೊರೆದು ಮೂಲೆ ಸೇರುತ್ತವೆ. ಇನ್ನು ಕೆಲವು ಅದೇ ಪೆಟ್ಟು ತಿಂದರೂ ಎಂದಿನಂತೆ ಇರುತ್ತವೆ. ಮೂಲೆ ಸೇರಿದ ಇಲಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ಕೆಲವು ನರಕೋಶಗಳು ಅತಿಯಾಗಿ ಕೆರಳಿರುತ್ತವೆ. ತಾಳಿಕೊಂಡ ಇಲಿಗಳಲ್ಲಿ ಪೊಟ್ಯಾಸಿಯಂ ಹರಿವು ಹೆಚ್ಚಿ ಆ ಕೆರಳಿಕೆಗೆ ಕಡಿವಾಣ ಹಾಕಿರುತ್ತದೆ. ಎಜೋಗಾಬಿನ್ ಎಂಬ ಮೂರ್ಛೆಯ ಔಷಧ ನರಕೋಶದ ಪೊಟ್ಯಾಸಿಯಂ ದ್ವಾರಗಳನ್ನು ತೆರೆಯಿಸುತ್ತದೆ. ಸೆಳೆತವನ್ನು ತಡೆಯುವುದೂ ಇದೇ ಬಗೆಯಲ್ಲಿ. ಅದನ್ನು ಕೊಟ್ಟಾಗ ಮೂಲೆ ಸೇರಿದ್ದ ಇಲಿಗಳು ಮತ್ತೆ ಇತರ ಇಲಿಗಳ ಸಮೀಪಕ್ಕೆ ಬಂದವು.

ಆದರೆ ಇಲಿಯ ಸಂಕಟವೇ ಬೇರೆ, ಮನುಷ್ಯನ ದುಃಖವೇ ಬೇರೆ. ಸಾಲ, ಸಾವು, ಅವಮಾನ, ಒಂಟಿತನಗಳು ಗೂಡಿನಲ್ಲಿ ಅಳೆಯತಕ್ಕವಲ್ಲ. 2021ರಲ್ಲಿ ಇದೇ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಭಾಗವಹಿಸಿದವರು 45 ಮಂದಿ, ಅವಧಿ ಐದು ವಾರ. ರೋಗಲಕ್ಷಣಗಳು ತಗ್ಗಿದವು, ಆದರೆ ಮೆದುಳಿನ ಚಿತ್ರಣದಲ್ಲಿ ಮುಖ್ಯವಾಗಿ ನಿರೀಕ್ಷಿಸಿದ್ದ ಬದಲಾವಣೆ ಸ್ಪಷ್ಟವಾಗಿ ಕಾಣಲಿಲ್ಲ. ಔಷಧದ ಚರಿತ್ರೆಯೂ ನಿಷ್ಕಳಂಕವಲ್ಲ. ಅದರಿಂದ ಚರ್ಮ ನೀಲಿಗಟ್ಟಬಹುದು, ಕಣ್ಣಿನ ಅಕ್ಷಿಪಟಲದ ಬಣ್ಣ ಬದಲಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿತ್ತು. 2017ರಲ್ಲಿ ಅದರ ಮಾರಾಟವೇ ನಿಂತಿತು.

ಮೂರ್ಛೆಯ ಔಷಧಗಳೆಲ್ಲ ಮನಸ್ಸಿಗೆ ಹಿತವೆಂದು ತಿಳಿಯುವುದೂ ಸಲ್ಲದು. ಲ್ಯಾಮೊಟ್ರಿಜಿನ್ ಎಂಬುದನ್ನು ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ಕಾಯಿಲೆಯಲ್ಲಿ ವೈದ್ಯರು ಬಳಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಫಿನೊಬಾರ್ಬಿಟಾಲ್, ಲೆವೆಟಿರಾಸಿಟಮ್‌ಗಳು ಕೆಲವರಲ್ಲಿ ಖಿನ್ನತೆ, ಸಿಡುಕುಗಳನ್ನು ಹೆಚ್ಚಿಸಬಲ್ಲವು. ವಾಲ್ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿಕರ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು, ಸೇವಿಸುತ್ತಿರುವ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಎರಡೂ ಅಪಾಯಕಾರಿ. ಹಾಗೆ ನಿಲ್ಲಿಸಿದಾಗ ಎಡೆಬಿಡದ ಸೆಳೆತ ಬಂದು ಪ್ರಾಣಕ್ಕೇ ಎರವಾಗಬಹುದು.

ಹಾಗಿದ್ದರೆ ಈ ಪ್ರಯೋಗದಿಂದ ನಮಗೇನು ಪ್ರಯೋಜನ? ಮೂರ್ಛೆ ಮತ್ತು ಖಿನ್ನತೆ ಪರಸ್ಪರ ಅಪರಿಚಿತ ವ್ಯಾಧಿಗಳಲ್ಲವೆಂಬುದನ್ನು ಅದು ನೆನಪಿಸುತ್ತದೆ. ಮೂರ್ಛೆಯಿರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7 ಮಂದಿಯಲ್ಲಿದ್ದರೆ ಗ್ರಾಮಾಂತರದಲ್ಲಿ 11.9 ಮಂದಿಯಲ್ಲಿದೆ. ಅದೇ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಖಿನ್ನತೆಗೊಳಗಾದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ಕಂಡುಕೊಂಡಿತು. ಹಳ್ಳಿಯಲ್ಲಿ ಮೂರ್ಛೆಯುಳ್ಳ ಯುವತಿಯ ಮದುವೆ ಮುರಿದುಬೀಳುತ್ತದೆ, ಯುವಕನನ್ನು ಬಾವಿಯ ಬಳಿಗೂ ಒಲೆಯ ಬಳಿಗೂ ಬಿಡುವುದಿಲ್ಲ. ಸೆಳೆತ ನಿಂತಿತೇ ಎಂದು ಎಲ್ಲರೂ ಕೇಳುತ್ತಾರೆ. ಮನಸ್ಸು ಹೇಗಿದೆಯೆಂದು ಕೇಳುವವರು ವಿರಳ.

ಎರಡನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವುದು ಅಸಾಧ್ಯವೇನಲ್ಲ. 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು, ಮನೋರೋಗ ಮತ್ತು ಮೂರ್ಛೆರೋಗಗಳೆರಡಕ್ಕೂ ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೇ ಅದನ್ನು ಮಾದರಿಯಾಗಿ ಸ್ವೀಕರಿಸಿತು. ಭರಮಸಾಗರದಲ್ಲಾಗಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಲ್ಲಾಗಲಿ ಮೂರ್ಛೆಯ ಮಾತ್ರೆಗೆಂದು ಬಂದವರನ್ನು ನಿದ್ರೆ, ಹಸಿವು, ಉತ್ಸಾಹ, ಬದುಕುವ ಆಸೆಗಳ ಬಗ್ಗೆಯೂ ವೈದ್ಯರು ವಿಚಾರಿಸಬೇಕೆಂಬುದು ನಮ್ಮ ಆಗ್ರಹ. ಇದಕ್ಕೆ ಹೊಸ ಔಷಧ ಬೇಕಿಲ್ಲ. ಐದು ನಿಮಿಷದ ಸಮಯ ಸಾಕು.

ಮನೆಯವರ ಕರ್ತವ್ಯವೂ ಇದೆ. ಎರಡು ವಾರ ಮೀರಿ ಮಂಕು ಕವಿದಿದ್ದರೆ, ಸಾವಿನ ಮಾತು ಬಂದರೆ ಅದನ್ನು ಸೋಮಾರಿತನವೆಂದೋ ದೆವ್ವದ ಕಾಟವೆಂದೋ ತಳ್ಳಿಹಾಕದೆ ವೈದ್ಯರ ಬಳಿಗೆ ಕರೆದೊಯ್ಯಬೇಕು; ಅಲ್ಲಿಯವರೆಗೆ ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಲಿಗಳಲ್ಲಿ ಕಂಡದ್ದು ಮನುಷ್ಯರಿಗೆ ಔಷಧವಾಗಿ ಒದಗಲು ಇನ್ನೂ ಕಾಲ ಬೇಕು. ಈಗಾಗಲೇ ಇರುವ ಚಿಕಿತ್ಸೆ ತಲುಪದೆ ಯಾರೂ ಅಳಿಯದಂತೆ ನೋಡಿಕೊಳ್ಳುವುದು ಇಂದೇ ಸಾಧ್ಯ.