ಎಸ್ಟಿಮೇಟಿನಲ್ಲಿ ಇಲ್ಲದ ಆ ಒಂದು ಪರ್ಸೆಂಟ್

ಸಿಯಾಟಲ್‌ಗೆ ಓದಲು ಬರುವ ನಮ್ಮಂಥವರ ತಿರುಗಾಟದ ಪಟ್ಟಿ ಹೆಚ್ಚುಕಡಿಮೆ ಒಂದೇ. ಸ್ಪೇಸ್ ನೀಡಲ್, ಪೈಕ್ ಪ್ಲೇಸ್, ಮೌಂಟ್ ರೇನಿಯರ್. ಊರಿಂದ ಅಪ್ಪ ಅಮ್ಮ ಬಂದರೆ ಬಾಥೆಲ್‌ನ ದೇವಸ್ಥಾನ. ಆರ್ಟ್ ಮ್ಯೂಸಿಯಂ ಹೆಸರೆತ್ತಿದರೆ ಸಾಕು, "ಬಿಡ್ರಪ್ಪಾ, ಆ ಟಿಕೆಟ್ ದುಡ್ಡಲ್ಲಿ ಎರಡು ದಿನದ ಊಟ ಆಗತ್ತೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ.

ದುಡ್ಡಿನ ಮಾತಿಗೆ ಉತ್ತರ ಸುಲಭ. ಫ್ರೈ ಮ್ಯೂಸಿಯಂ ಎಲ್ಲರಿಗೂ ಯಾವಾಗಲೂ ಉಚಿತ. ಬೆಟ್ಟದಂಥ ಕೆಂಪು ಉಕ್ಕಿನ 'ಈಗಲ್' ನಿಂತಿರುವ ಸಮುದ್ರದಂಡೆಯ ಸ್ಕಲ್ಪ್ಚರ್ ಪಾರ್ಕಿಗೂ ಟಿಕೆಟ್ ಇಲ್ಲ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕ್ಯಾಂಪಸ್ಸಿನೊಳಗೇ ಇರುವ ಹೆನ್ರಿ ಗ್ಯಾಲರಿಗೆ ಅಲ್ಲಿನ ವಿದ್ಯಾರ್ಥಿಗಳು ಕಾಸು ಕೊಡಬೇಕಿಲ್ಲ. ಅಲ್ಲಿ ಜೇಮ್ಸ್ ಟರೆಲ್ ಮಾಡಿದ ಒಂದು ಕೋಣೆ ಇದೆ, ಚಾವಣಿಯಲ್ಲಿ ಮೊಟ್ಟೆಯಾಕಾರದ ಕಿಂಡಿ, ಸುಮ್ಮನೆ ಕೂತು ಆಕಾಶ ನೋಡುವುದಷ್ಟೇ ಕೆಲಸ. ವರ್ಷದ ಅರ್ಧ ಭಾಗ ಮೋಡ ಮುಚ್ಚಿರುವ ಊರಿನಲ್ಲಿ ಆಕಾಶ ನೋಡಲು ಕೋಣೆ ಕಟ್ಟುವ ಧೈರ್ಯ ಮೆಚ್ಚಬೇಕು.

ಆದರೆ ಎಂಜಿನಿಯರಿಂಗ್ ಓದಿದ ನಮಗೆ ಹೆಚ್ಚು ಪಾಠ ಇರುವುದು ಮ್ಯೂಸಿಯಂ ಹೊರಗೆ. ಯೂಡಬ್ಲ್ಯೂ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಇಳಿಯುವಾಗ ಫೋನಿಂದ ತಲೆ ಎತ್ತಿ ನೋಡಿ. ಗೋಡೆಯ ಮೇಲೆ ಹೊಳೆಯುವ ಗೆರೆ, ಚುಕ್ಕಿಗಳೆಲ್ಲ ಸುಮ್ಮನೆ ಅಲಂಕಾರವಲ್ಲ. ಆ ಗೋಡೆಯ ಹಿಂದೆ ಇರುವ ಮಣ್ಣಿನ ಪದರಗಳನ್ನೇ ಲಿಯೋ ಬರ್ಕ್ ಎಂಬ ಕಲಾವಿದ ಚಿತ್ರ ಮಾಡಿದ್ದಾರೆ. ಸಾಯಿಲ್ ಮೆಕ್ಯಾನಿಕ್ಸ್ ಪರೀಕ್ಷೆಗೆ ಬಾಯಿಪಾಠ ಹೊಡೆದ ಜೇಡಿ, ಮರಳು, ಜಲ್ಲಿ ಎಲ್ಲ ಬೆಳಕಾಗಿ ಕೂತಿವೆ.

ಇದಕ್ಕೆ ದುಡ್ಡು ಎಲ್ಲಿಂದ? ರೈಲು ಕಟ್ಟುವ ಸೌಂಡ್ ಟ್ರಾನ್ಸಿಟ್ ನಿರ್ಮಾಣ ಬಜೆಟ್ಟಿನ ಶೇ. 1ರಷ್ಟನ್ನು ಕಲೆಗೆ ತೆಗೆದಿಡುತ್ತದೆ. ಸಿಯಾಟಲ್ ನಗರ 1973ರಲ್ಲೇ ತನ್ನ ಕಾಮಗಾರಿಗಳಿಗೆ ಇಂಥದೇ ಕಾನೂನು ಮಾಡಿಕೊಂಡಿತ್ತು. ನಾವು ನಾಲ್ಕು ವರ್ಷ ಎಸ್ಟಿಮೇಟ್ ಬರೆದವರು. ಸಿಮೆಂಟು, ಕಬ್ಬಿಣ, ಕೂಲಿ, ಕಂಟಿಂಜೆನ್ಸಿ ಎಲ್ಲಕ್ಕೂ ಒಂದೊಂದು ಸಾಲು. ಕಲೆಗೆ ಸಾಲೇ ಇರಲಿಲ್ಲ, ಇರಬಹುದು ಅಂತ ಯಾವ ಮೇಷ್ಟ್ರೂ ಹೇಳಲೂ ಇಲ್ಲ. (ಪರ್ಸೆಂಟೇಜ್ ಅಂದ ಕೂಡಲೇ ನಮ್ಮ ಕಡೆ ಬೇರೆಯದೇ ನೆನಪಾಗುತ್ತೆ ಅನ್ನೋದು ಬೇರೆ ಮಾತು.)

ರಸ್ತೆ ಗುಂಡಿ ಮುಚ್ಚೋಕೇ ಗತಿಯಿಲ್ಲ, ಕಲೆ ಯಾಕೆ ಅಂತ ಕೇಳುವವರಿದ್ದಾರೆ. ಬಾದಲ್ ನಂಜುಂಡಸ್ವಾಮಿ ಅವರನ್ನು ನೆನೆಸಿಕೊಳ್ಳಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಯೊಂದಕ್ಕೆ ಕೆರೆಯ ಬಣ್ಣ ಬಳಿದು ಮೊಸಳೆ ತಂದು ಬಿಟ್ಟರು. ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಿತು. ಅರ್ಜಿ ಕೊಟ್ಟಿದ್ದರೆ ಅದು ಇನ್ನೂ ಯಾವ ಟೇಬಲ್ಲಿನ ಮೇಲಿರುತ್ತಿತ್ತೋ. ಇಲ್ಲಿನ ಫ್ರೀಮಾಂಟ್ ಟ್ರೋಲ್ ಕಥೆಯೂ ಅದೇ ಜಾತಿಯದು. ಅರೋರಾ ಸೇತುವೆಯ ಕೆಳಗಿನ ಜಾಗ ಕಸದ ತಿಪ್ಪೆಯಾಗಿತ್ತು. ಊರಿನವರು ಸ್ಪರ್ಧೆ ಇಟ್ಟು, 1990ರಲ್ಲಿ 18 ಅಡಿ ಎತ್ತರದ ಕಾಂಕ್ರೀಟ್ ರಾಕ್ಷಸನನ್ನು ಕೂರಿಸಿದರು. ಅವನ ಮುಷ್ಟಿಯೊಳಗೆ ನಿಜವಾದ ವೋಕ್ಸ್‌ವ್ಯಾಗನ್ ಬೀಟಲ್ ಕಾರು. ಈಗ ಮಕ್ಕಳು ಅವನ ಮೂಗಿನ ಮೇಲೆ ಹತ್ತಿ ಆಡುತ್ತವೆ. ನಮ್ಮ ಫ್ಲೈಓವರ್ ಕೆಳಗಿನ ಕತ್ತಲೆ, ಕಸ, ಆ ವಾಸನೆಗೂ ಇದಕ್ಕಿಂತ ದೊಡ್ಡ ಔಷಧಿ ಬೇಕಿಲ್ಲ.

ಹಾಗಂತ ಸಿಯಾಟಲ್ ಸ್ವರ್ಗವೇನಲ್ಲ. ಅನುಮತಿ ಪಡೆದು ಬರೆದರೆ ಮ್ಯೂರಲ್, ಇಲ್ಲದಿದ್ದರೆ ಅಪರಾಧ. ಬಣ್ಣ ಅದೇ ಡಬ್ಬಿಯದು. ಸೋಡೋ ಬಳಿ ರೈಲಿನ ಕಿಟಕಿಯಿಂದ ಕಾಣುವ ಸಾಲುಸಾಲು ಗೋಡೆಚಿತ್ರಗಳು ಮೊದಲ ಗುಂಪಿನವು. ಪಕ್ಕದ ಗೋಡೆಯಲ್ಲಿ ಯಾರೋ ರಾತ್ರಿ ಗೀಚಿದ್ದಕ್ಕೆ ಬೂದುಬಣ್ಣ ಬಳಿಯುತ್ತಾರೆ. ಯಾವುದು ಚಂದ, ಯಾವುದು ಗಲೀಜು ಅಂತ ತೀರ್ಮಾನಿಸುವವರು ಯಾರು ಅನ್ನೋ ಜಗಳ ಇಲ್ಲೂ ಮುಗಿದಿಲ್ಲ, ಮುಗಿಯಲೂಬಾರದು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಪ್ರತಿ ವರ್ಷ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಪೀಣ್ಯ, ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಗಳಲ್ಲಿ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ಕೆಲಸ ಮಾಡಿದ್ದಾರೆ. ಆದರೆ ಇವೆಲ್ಲ ಯಾರದೋ ಉತ್ಸಾಹದಿಂದ ನಡೆದವು. ಉತ್ಸಾಹ ತಣ್ಣಗಾದರೂ ನಿಲ್ಲದಂತೆ ಮಾಡುವುದು ಬಜೆಟ್ಟಿನ ಸಾಲು, ಮತ್ತು ಆ ಸಾಲು ಬರೆಯುವವರು ನಮ್ಮಂಥ ಎಂಜಿನಿಯರುಗಳೇ. ನಮ್ಮಲ್ಲಿ ಕೆಲವರು ಊರಿಗೆ ವಾಪಸ್ ಹೋಗಿ ಮೆಟ್ರೊ, ಸೇತುವೆ, ಬಸ್ ನಿಲ್ದಾಣ ಕಟ್ಟುತ್ತೀರಿ. ಅಷ್ಟರೊಳಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಕ್ಯಾಪಿಟಲ್ ಹಿಲ್‌ನ ಬ್ರಾಡ್‌ವೇ ಫುಟ್‌ಪಾತಿನಲ್ಲಿ ನಡೆದು ಬನ್ನಿ. ಕಾಂಕ್ರೀಟಿನೊಳಗೆ ಕಂಚಿನ ಹೆಜ್ಜೆಗಳನ್ನು ಕೂರಿಸಿದ್ದಾರೆ, ಟ್ಯಾಂಗೊ, ವಾಲ್ಟ್ಜ್ ಕುಣಿಯಲು ಕಾಲು ಎಲ್ಲಿಡಬೇಕೆಂದು ತೋರಿಸಲು. ಜೋಡಿ ಬೇಕೇ ಬೇಕು ಅಂತೇನಿಲ್ಲ.