ಲಾಗ್ ಅಳಿಸೋ ಮುಂಚೆ ಒಂದ್ಸಲ ಓದೋಣ

ಡಿಸ್ಕ್ ಫುಲ್ ಅಂತ ಉಬುಂಟು ಹೇಳಿದ ಕೂಡಲೇ ನಮ್ಮಲ್ಲಿ ಬಹಳ ಜನರ ಕೈ ಹೋಗೋದು ‘ಆರ್‌ಎಂ’ ಕಮಾಂಡಿಗೆ. ಫೈರ್‌ವಾಲ್ ಲಾಗ್ ದೊಡ್ಡದಾಗಿದೆಯಾ? ಅಳಿಸಿಬಿಡು, ಕೆಲಸ ಮುಗೀತು! ಈ ಅಭ್ಯಾಸ ಬಿಡಬೇಕು ಅನ್ನೋದೇ ನಮ್ಮ ವಾದ.

ಮೊದಲನೆಯದಾಗಿ, ಅದರಿಂದ ಜಾಗವೇ ಸಿಗಲ್ಲ. ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಆ ಫೈಲನ್ನು ತೆರೆದಿಟ್ಟುಕೊಂಡೇ ಇರುತ್ತೆ. ನಾವು ಅಳಿಸೋದು ಹೆಸರನ್ನು ಮಾತ್ರ, ಡೇಟಾ ಡಿಸ್ಕ್ ಮೇಲೆ ಹಾಗೇ ಕೂತಿರುತ್ತೆ. ಹೊಸ ಸಾಲುಗಳೂ ಆ ಹೆಸರಿಲ್ಲದ ಫೈಲಿಗೇ ಹೋಗ್ತವೆ. ‘ಡಿಯು’ ಕಡಿಮೆ ತೋರಿಸುತ್ತೆ, ‘ಡಿಎಫ್’ ಮಾತ್ರ ಫುಲ್ ಅಂತಾನೇ ಹೇಳುತ್ತೆ. ಖಾಲಿ ಮಾಡಲೇಬೇಕು ಅಂದ್ರೆ ‘ಟ್ರಂಕೇಟ್’ ಬಳಸಿ ಸೈಜನ್ನು 0 ಮಾಡೋದು ಸರಿ. ಸುಡೋ ಹಾಕಿ ರೀಡೈರೆಕ್ಟ್ ಮಾಡಿದರೂ ಪರ್ಮಿಷನ್ ಇಲ್ಲ ಅನ್ನುತ್ತಲ್ಲ, ಯಾಕೆ ಗೊತ್ತಾ? ಅಲ್ಲಿ ಫೈಲ್ ತೆರೆಯೋದು ಸುಡೋ ಅಲ್ಲ, ನಮ್ಮದೇ ಶೆಲ್.

ಎರಡನೆಯದು ಇನ್ನೂ ಮುಖ್ಯ. ಲಾಗ್ ಇಷ್ಟು ಬೆಳೆದದ್ದು ಯಾಕೆ? ಯುಎಫ್‌ಡಬ್ಲ್ಯೂ ಲಾಗಿಂಗ್ ಸಾಮಾನ್ಯವಾಗಿ ‘ಲೋ’ ಮಟ್ಟದಲ್ಲಿರುತ್ತೆ. ಡೀಬಗ್ ಮಾಡುವಾಗ ಯಾರಾದರೂ ಅದನ್ನು ‘ಫುಲ್’ಗೆ ಏರಿಸಿ ಹಾಗೇ ಬಿಟ್ಟಿರಬಹುದು. ಅಥವಾ ಹೊರಗಿನವರು ನಮ್ಮ ಪೋರ್ಟ್‌ಗಳನ್ನು ರಾತ್ರಿಯಿಡೀ ಒಂದೊಂದಾಗಿ ತಟ್ಟಿ ನೋಡ್ತಿರಬಹುದು. ಪ್ಯಾಕೆಟ್ ಎಲ್ಲಿಂದ ಬಂತು, ಯಾವ ಪೋರ್ಟಿಗೆ ಬಂತು ಅನ್ನೋದು ‘ಬ್ಲಾಕ್’ ಸಾಲಿನಲ್ಲೇ ಇರುತ್ತೆ. ಓದದೆ ಅಳಿಸಿದರೆ ಕಳ್ಳನ ಹೆಜ್ಜೆಗುರುತನ್ನು ನಾವೇ ಒರೆಸಿದ ಹಾಗೆ.

‘ಕಾಲೇಜ್ ಲ್ಯಾಬಿಗೆ ಯಾರಪ್ಪಾ ಬರ್ತಾರೆ?’ ಅಂತ ಕೇಳೋರಿದ್ದಾರೆ. ಮಷೀನ್ ಇಂಟರ್ನೆಟ್ಟಿಗೆ ತೆರೆದಿದ್ದರೆ ಸಾಕು, ಸ್ಕ್ಯಾನ್ ಮಾಡುವ ಬಾಟ್‌ಗಳಿಗೆ ಕಾಲೇಜು, ಬ್ಯಾಂಕು ಎಲ್ಲಾ ಒಂದೇ. ಅಲ್ಲದೆ ಲ್ಯಾಬಿನಲ್ಲಿ ರೂಢಿಯಾದದ್ದೇ ನಾಳೆ ಕೆಲಸದಲ್ಲೂ ಕೈಗೆ ಬರೋದು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಸಿಸ್ಟಮ್ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಅಲ್ಲಿ ‘ಜಾಗ ಇರಲಿಲ್ಲ, ಅಳಿಸಿದೆ’ ಅನ್ನೋ ಉತ್ತರ ನಡೆಯಲ್ಲ.

ಹಾಗಾದ್ರೆ ದಾರಿ? ಲಾಗ್‌ರೊಟೇಟ್ ಇದ್ದೇ ಇದೆ. ಉಬುಂಟುವಿನಲ್ಲಿ ಅದು ಫೈರ್‌ವಾಲ್ ಲಾಗನ್ನು ವಾರಕ್ಕೊಮ್ಮೆ ಬೇರೆ ಮಾಡಿ, ಹಳೆಯದನ್ನು ಕಂಪ್ರೆಸ್ ಮಾಡಿ, 4 ಪ್ರತಿ ಉಳಿಸಿಕೊಳ್ಳುತ್ತೆ. ಆ 4ನ್ನು 26 ಮಾಡಿದರೆ 182 ದಿನದ ಲೆಕ್ಕ ಸಿಗುತ್ತೆ. ಬದಲಾಯಿಸಬೇಕಾದ್ದು ಒಂದೇ ಸಾಲು.

ನಮ್ಮ ಲ್ಯಾಬ್ ಮ್ಯಾನುಯಲ್‌ಗಳಲ್ಲಿ ‘ಆರ್‌ಎಂ’ಗೆ ಜಾಗ ಇರುವ ಹಾಗೆ ಲಾಗ್‌ರೊಟೇಟ್‌ಗೂ ಒಂದು ಪುಟ ಬೇಕು. ಅಲ್ಲಿವರೆಗೆ ನಾವಾದ್ರೂ ಒಂದು ನಿಯಮ ಇಟ್ಟುಕೊಳ್ಳೋಣ: ಮೊದಲು ಓದೋದು, ಆಮೇಲೆ ಖಾಲಿ ಮಾಡೋದು.